ಅತ್ತೆ ಮೆರೆಂಗೆ ಕಲಿತ ಚಳಿಗಾಲ

ಅರಸೀಕೆರೆಯ ಸ್ಟೇಷನ್ ರಸ್ತೆಯಲ್ಲಿ ಒಂದು ಹಳೆಯ ಕ್ಷೌರದಂಗಡಿ ಇದೆ. ಅದರ ಮುಂದೆ ನಡೆದುಹೋಗುವುದನ್ನು ನಾನು ಆದಷ್ಟು ತಪ್ಪಿಸುತ್ತೇನೆ. ಕ್ಷೌರ ಮುಗಿದ ಮೇಲೆ ಕುತ್ತಿಗೆಗೆ ಬಳಿಯುತ್ತಾರಲ್ಲ, ಆ ಪೌಡರಿನ ವಾಸನೆ ನನಗಾಗುವುದಿಲ್ಲ. ಹೋದ ತಿಂಗಳು ಒಂದು ಗೃಹಪ್ರವೇಶಕ್ಕೆಂದು ಈಗ ನಾವಿರುವ ಹಾಸನದಿಂದ ಹೋದಾಗ ಆಟೋ ಸಿಗದೆ ಅದೇ ಅಂಗಡಿಯ ಎದುರು ನಿಲ್ಲಬೇಕಾಯಿತು. ಒಳಗಿನಿಂದ ಒಂದು ಸಲ ಗಾಳಿ ಬೀಸಿತು, ಅಷ್ಟೇ. ಮುಖ ಹೇಗಾಯಿತೋ ಏನೋ, ಮಗಳು "ಯಾಕಮ್ಮ, ತಲೆ ಸುತ್ತುತ್ತಾ?" ಎಂದಳು. ನಿಮ್ಮಜ್ಜಿ ನೆನಪಾದರು ಎಂದೆ. "ಕಟಿಂಗ್ ಶಾಪ್ ನೋಡಿ ಅಜ್ಜಿ ನೆನಪಾಗೋದಾ!" ಎಂದು ನಕ್ಕಳು. ಅಜ್ಜಿ ಕುಣಿದ ಆ ಚಳಿಗಾಲದಲ್ಲಿ ಅವಳಿಗೆ ನಾಲ್ಕು ವರ್ಷ, ಏನೂ ನೆನಪಿಲ್ಲ. ನನಗೆ ಎಲ್ಲವೂ ನೆನಪಿದೆ, ಅದೇ ಕಷ್ಟ.

ಎರಡು ಸಾವಿರದ ನಾಲ್ಕನೇ ಇಸವಿ ಮುಗಿಯುತ್ತ ಬಂದಿತ್ತು. ನಮ್ಮವರು ವಿದ್ಯುತ್ ಇಲಾಖೆಯಲ್ಲಿ ಜೂನಿಯರ್ ಇಂಜಿನಿಯರು, ನಾನು ಟೆಲಿಫೋನ್ ಕಚೇರಿಯಲ್ಲಿ ಗುಮಾಸ್ತೆ. ಸ್ಟೇಷನ್ನಿನ ಹಿಂದೆ ಬಾಡಿಗೆ ಮನೆ. ಆ ವರ್ಷ ಯುಗಾದಿಗೆ ಮುಂಚೆ, ನಮ್ಮವರ ಊರು ಗಂಡಸಿಯಲ್ಲಿ ನನ್ನ ಮಾವ ತೀರಿಕೊಂಡಿದ್ದರು. ಲಕ್ವ ಹೊಡೆದು ವರ್ಷಗಟ್ಟಲೆ ಮಲಗಿದ್ದ ಮನುಷ್ಯ. ಮಾತು ಹೋಗಿತ್ತು, ಎಡಗೈ ಒಂದು ಆಡುತ್ತಿತ್ತು. ಏನು ಬೇಕಾದರೂ ಆ ಕೈಯಲ್ಲಿ ಸ್ಟೀಲ್ ಲೋಟ ಹಿಡಿದು ಗೋಡೆಗೆ ಕುಟ್ಟುತ್ತಿದ್ದರು. ಲೋಟದ ಸದ್ದಾದರೆ ಅತ್ತೆ ಎಲ್ಲಿದ್ದರೂ ಓಡಬೇಕು. ನೀರು, ಹೊರಳಿಸುವುದು, ಒರೆಸುವುದು, ಉಣಿಸುವುದು, ಎಲ್ಲಕ್ಕೂ ಅವರೇ. ನಮ್ಮ ಭಾವ, ಅಂದರೆ ಅತ್ತೆಯ ಹಿರಿಮಗ ರಂಗಸ್ವಾಮಿ, ದಿನವೂ ಅಪ್ಪನನ್ನು ಎತ್ತಿಕೊಂಡು ಹೋಗಿ ಬಚ್ಚಲಲ್ಲಿ ಕೂರಿಸುತ್ತಿದ್ದರು. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಮುಂದೆ ನೀವು ಅವರ ಮೇಲೆ ಸಿಟ್ಟಾಗಬಹುದು.

ಮಾವ ಹೋದ ಮೇಲೆ ಅತ್ತೆ ನಮ್ಮ ಮನೆಗೆ ಬಂದರು. ಎತ್ತರದ ಹೆಂಗಸು, ರಾಗಿ ಬೀಸಿದ ತೋಳು. ಆ ತೋಳಿಗೆ ಈಗ ಕೆಲಸವೇ ಇಲ್ಲ. ನಾನು ಅಡುಗೆಮನೆಯಲ್ಲಿ ಲೋಟ ಬೀಳಿಸಿದರೆ ಧಡಕ್ಕನೆ ಎದ್ದು ನಿಲ್ಲುತ್ತಿದ್ದರು. ನಿಂತು, ಯಾರ ಹತ್ತಿರ ಹೋಗಬೇಕೆಂದು ತಿಳಿಯದೆ, ಮತ್ತೆ ಕೂರುತ್ತಿದ್ದರು. ಕುಂಕುಮ ಇಲ್ಲ, ಹೂವಿಲ್ಲ, ವರ್ಷ ತುಂಬುವ ತನಕ ಮನೆಯಲ್ಲಿ ಹಬ್ಬವೂ ಇಲ್ಲ. ಮಂಡಿ ಬೇರೆ ಹಿಡಿದುಕೊಂಡಿತ್ತು. ಡಾಕ್ಟರು, "ಕೂತಲ್ಲೇ ಕೂತರೆ ಕಾಲು ಹೋಗುತ್ತೆ, ಓಡಾಡಿಸಿ" ಎಂದಿದ್ದರು.

ಅದೇ ಹೊತ್ತಿಗೆ ಊರಲ್ಲಿ ಆ ಬ್ಯಾನರ್ ಬಂತು. ನಮ್ಮ ಬೀದಿಯ ಹೆಂಗಸರ ಸಂಘದವರಿಗೆ ಟೀವಿಯ ಡ್ಯಾನ್ಸ್ ಸ್ಪರ್ಧೆಗಳ ಹುಚ್ಚು ಹತ್ತಿತ್ತು. ರೈಲ್ವೆ ಕಾಲೋನಿಯಲ್ಲಿ ಐರಿನ್ ಮಿಸ್ ಅಂತ ಒಬ್ಬರಿದ್ದರು. ಕಾನ್ವೆಂಟಿನಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತರಾದವರು, ಗಂಡ ರೈಲಿನಲ್ಲಿ ಗಾರ್ಡ್ ಆಗಿದ್ದು ತೀರಿಹೋಗಿದ್ದರು. ಪ್ರಾಯದಲ್ಲಿ ರೈಲ್ವೆಯವರ ಕ್ಲಬ್ಬಿನಲ್ಲಿ ಗಂಡಹೆಂಡಿರು ಚಾ ಚಾ ಚಾ, ರುಂಬಾ ಎಲ್ಲ ಕುಣಿದವರಂತೆ. ಬೆಂಗಳೂರಿನ ಸಂಬಂಧಿಕರಿಂದ ಸಾಲ್ಸಾ, ಮೆರೆಂಗೆ ಎಂಬ ಲ್ಯಾಟಿನ್ ಕುಣಿತಗಳ ಕ್ಯಾಸೆಟ್ಟುಗಳನ್ನೂ ತರಿಸಿಕೊಂಡಿದ್ದರು. ಅವರನ್ನು ಹಿಡಿದು ಸಂಘದವರು ಶನಿವಾರ ಭಾನುವಾರ ಮಧ್ಯಾಹ್ನ ತರಗತಿ ಇಟ್ಟರು. "ಹೊಸಬರಿಗೆ ಲ್ಯಾಟಿನ್ ಡ್ಯಾನ್ಸ್, ಹೆಂಗಸರಿಗೆ ಮಾತ್ರ" ಎಂದು ಬರೆಯಬೇಕಿದ್ದ ಪೇಂಟರು, ಲ್ಯಾಟಿನ್ ಎಂಬುದು ಕೈತಪ್ಪೇ ಇರಬೇಕೆಂದು ತಾನೇ ತಿದ್ದಿ "ಲ್ಯಾಟ್ರಿನ್ ಡ್ಯಾನ್ಸ್" ಎಂದು ಬರೆದ. ಸಂತೆಗೆ ಬಂದವರೆಲ್ಲ ನಿಂತು ಓದಿ ನಕ್ಕುಕೊಂಡು ಹೋದರು. ಪುಣ್ಯಕ್ಕೆ ಅದರಿಂದಲೇ ಊರಿಗೆಲ್ಲ ಸುದ್ದಿಯಾಗಿ ಹೆಂಗಸರು ಸೇರಿದರು.

ನಾನು ಸೇರಿದ್ದು ಆಸೆಗೆ. ಬೇರೆ ಕಾರಣ ಹೇಳಿದರೆ ಸುಳ್ಳಾಗುತ್ತದೆ. ದಿನವಿಡೀ ಕುರ್ಚಿಗೆ ಅಂಟಿಕೊಂಡು ಬಿಲ್ಲು ಬರೆದು ಸಾಕಾಗಿತ್ತು. ಆದರೆ ಸಾವಾದ ವರ್ಷದಲ್ಲಿ ಕುಣಿಯಲು ಹೋಗುವುದೆಂದರೇನು! ಮನೆಯಲ್ಲಿ ಹೇಳಿದಾಗ ನಮ್ಮವರು ಪೇಪರಿನ ಹಿಂದಿನಿಂದಲೇ "ಬೇಕಾ ನಿಂಗೆ?" ಎಂದರು. ಅದು ಹೂಂ ಅಲ್ಲ, ಉಹೂಂ ಅಲ್ಲ. ಅತ್ತೆ ಮಾತ್ರ "ಹೋಗ್ಲಿ ಬಿಡ್ಲಾ, ವಯಸ್ಸೈತೆ" ಎಂದರು. ಅವರನ್ನೊಬ್ಬರನ್ನೇ ಬಿಟ್ಟು ಹೋಗಲು ಮನಸ್ಸಾಗದೆ, ನಡೆದ ಹಾಗೂ ಆಯಿತು ಎಂದು ಮಗಳ ಜೊತೆಗೆ ಅವರನ್ನೂ ಕರೆದುಕೊಂಡು ಹೋದೆ. ಪಕ್ಕದ ಮನೆಯವರಿಗೆ ಅತ್ತೆಯ ಮಂಡಿಗೆ ವ್ಯಾಯಾಮ ಮಾಡಿಸುತ್ತಾರಂತೆ ಎಂದೆ. ಹೀಗೆ ಶುರುವಿನಲ್ಲೇ ಒಂದು ಸುಳ್ಳು.

ತರಗತಿ ನಡೆಯುತ್ತಿದ್ದದ್ದು ಕಾಲೋನಿಯ ಒಂದು ಹಳೆಯ ಹಾಲಿನಲ್ಲಿ, ಕೆಂಪು ಗಾರೆಯ ನೆಲ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎನ್ನುತ್ತಾರೆ, ಆದರೆ ಆ ನೆಲ ನಿಜವಾಗಿಯೂ ಡೊಂಕಿತ್ತು. ಅಂಗಾಲು ಹಿಡಿದುಕೊಳ್ಳದೆ ಸಲೀಸಾಗಿ ಜಾರಲಿ ಎಂದು ಐರಿನ್ ಮಿಸ್ ಮೈಗೆ ಹಾಕುವ ಪೌಡರನ್ನು ಡಬ್ಬಿ ತಲೆಕೆಳಗೆ ಮಾಡಿ ನೆಲಕ್ಕೆಲ್ಲ ಉದುರಿಸುತ್ತಿದ್ದರು. ಹಾಲಿಗೆ ಕಾಲಿಟ್ಟರೆ ಎಣ್ಣೆನೀರು ಹಾಕಿ ಎತ್ತಿದ ಕೂಸಿನ ವಾಸನೆ.

ಮೊದಲ ದಿನಗಳು ದೊಡ್ಡ ತಮಾಷೆ. ಇಬ್ಬಿಬ್ಬರ ಜೋಡಿಯಲ್ಲಿ ಒಬ್ಬರು ಗಂಡು, ಒಬ್ಬರು ಹೆಣ್ಣು. ಗಂಡಾದವರು ಎಡಗಾಲನ್ನು ಮುಂದಿಡಬೇಕು, ಹೆಣ್ಣಾದವರು ಬಲಗಾಲನ್ನು ಹಿಂದಿಡಬೇಕು. ನಾವೆಲ್ಲ ಬಲಗಾಲಿಟ್ಟು ಒಳಗೆ ಬಾ ಎಂದು ಬೆಳೆದವರು, ಒಳ್ಳೆಯ ಕೆಲಸಕ್ಕೆ ಎಡಗಾಲು ಎಲ್ಲಿ ಮುಂದೆ ಬರುತ್ತದೆ? ಗಂಡಾದವರೂ ಬಲಗಾಲನ್ನೇ ಮುಂದಿಟ್ಟು ಎದುರಿದ್ದವರ ಕಾಲು ತುಳಿಯುತ್ತಿದ್ದರು. ತುಳಿದ ಮೇಲೆ ಸುಮ್ಮನಿರಲಾಗುತ್ತದೆಯೇ? ಕಾಲು ತಾಗಿದ್ದಕ್ಕೆ ಬಗ್ಗಿ, ಅವರನ್ನು ಮುಟ್ಟಿ, ಕಣ್ಣಿಗೊತ್ತಿಕೊಳ್ಳಬೇಕು. ಅವರು "ಅಯ್ಯೋ ಇರ್ಲಿ ಬಿಡಿ" ಎಂದು ತಾವೂ ಬಗ್ಗಬೇಕು. ಅಷ್ಟರಲ್ಲಿ ಹಾಡು ಎಲ್ಲಿಗೋ ಹೋಗಿರುತ್ತಿತ್ತು. ಐರಿನ್ ಮಿಸ್ ತಲೆ ಚಚ್ಚಿಕೊಂಡು, "ಇದು ಡ್ಯಾನ್ಸಾ, ದೇವಸ್ಥಾನಾನಾ? ಯಾರೂ ಬಗ್ಗಬೇಡ್ರೀ!" ಎಂದು ಕೂಗುತ್ತಿದ್ದರು. ಅವರ ಕನ್ನಡದಲ್ಲಿ ನೀನು ಮತ್ತು ನೀವು ಒಟ್ಟಿಗೇ ಇರುತ್ತಿದ್ದವು. ಸಾಲ್ಸಾದಲ್ಲಿ ನಾವು ಎಲ್ಲಿ ನಿಲ್ಲಬೇಕೋ ಅಲ್ಲಿ ನಡೆದೆವು, ಎಲ್ಲಿ ನಡೆಯಬೇಕೋ ಅಲ್ಲಿ ನಿಂತೆವು. ಚಾ ಚಾ ಚಾ ಬಂದಾಗ ಯಾರೋ "ಮಿಸ್, ಚಾ ಆಮೇಲೆ, ಮೊದ್ಲು ನೀರು ಕೊಡಿ" ಎಂದರು. ರುಂಬಾಕ್ಕೆ ಸೊಂಟ ನಿಧಾನವಾಗಿ ತಿರುಗಬೇಕೆಂದಾಗ ಮೂಲೆಯ ಬೆಂಚಿನಿಂದ ಅತ್ತೆಯ ದನಿ ಕೇಳಿಸಿತು. "ರುಂಬ ಅಲ್ಲ ಕಣವ್ವ, ಅದು ರುಬ್ಬ. ದೋಸೆಗೆ ರುಬ್ಬೋವಾಗ ಹಿಂಗೇ ಆಡಾದು."

ಆಗಲೇ ಐರಿನ್ ಮಿಸ್ ಅವರ ಕಡೆ ತಿರುಗಿದ್ದು.

"ಅಜ್ಜಿ, ನೀನು ಯಾಕ್ರೀ ಕೂತಿದ್ದೀಯಾ? ಬನ್ನಿ."

"ನಂಗೆ ಮಂಡಿ ನೋವೈತೆ ಕಣಮ್ಮ."

"ಮಂಡಿ ನೋವಿಗೇ ಒಂದು ಇದೆ. ನಡೆಯೋಕೆ ಬರುತ್ತಲ್ಲ? ನಿಂತಲ್ಲೇ ನಡೆಯೋದು, ಅಷ್ಟೇ. ಸೊಂಟ ತಾನೇ ಬರುತ್ತೆ. ಎಲ್ಲಕ್ಕಿಂತ ಸುಲಭ. ಮೆರೆಂಗೆ."

"ಮೆರ್ಯಂಗಾ?" ಅತ್ತೆ ಸೆರಗು ಬಾಯಿಗೆ ಹಿಡಿದರು. "ಅಯ್ಯೋ ಶಿವನೇ, ನಾನ್ಯಾಕವ್ವ ಮೆರೀಲಿ? ಅದೂ ಈ ವರ್ಸ!"

ಹಾಲೆಲ್ಲ ನಕ್ಕಿತು. ನಾನೂ ನಕ್ಕೆ. ನಮ್ಮ ಕಡೆ ಮೆರೆಯುವುದು ಎಂದರೆ ಒಳ್ಳೆಯ ಮಾತಲ್ಲ. ಹೊಸದಾಗಿ ದುಡ್ಡು ಕಂಡವರು ಮೆರೆಯುತ್ತಾರೆ, ಗೆದ್ದ ಪುಢಾರಿ ಮೆರೆಯುತ್ತಾನೆ. ಗಂಡನನ್ನು ಕಳೆದುಕೊಂಡವಳು ತಲೆ ಎತ್ತಿ ನಡೆದರೂ ಸಾಕು, ಮೆರೆಯುತ್ತಿದ್ದಾಳೆ ಎನ್ನುತ್ತಾರೆ. ಇದು ಯಾವುದೋ ಸಮುದ್ರದಾಚೆಯ ಕುಣಿತದ ಹೆಸರು ಎಂದು ಐರಿನ್ ಮಿಸ್ ಎಷ್ಟು ಹೇಳಿದರೂ ಅತ್ತೆ ತಲೆಯಾಡಿಸಿದರು. ಕೊನೆಗೆ ನಾನು "ನಡೆಯೋದು ತಾನೇ ಅತ್ತೆ, ಡಾಕ್ಟರು ಹೇಳಿಲ್ವಾ" ಎಂದು ಕೈ ಚಾಚಿದೆ. ನನ್ನ ಮುಖ ನೋಡಿದರು, ನನ್ನ ಕೈ ನೋಡಿದರು, ಎದ್ದರು.

ಮದುವೆಯಾಗಿ ಅಷ್ಟು ವರ್ಷವಾಗಿದ್ದರೂ ಅತ್ತೆಯ ಕಾಲನ್ನು ಮುಟ್ಟಿದ್ದೆನೇ ಹೊರತು ಕೈ ಹಿಡಿದಿರಲಿಲ್ಲ. ಬಲಗೈ ಹಿಡಿದು ಇನ್ನೊಂದು ಕೈಯನ್ನು ಅವರ ಬೆನ್ನ ಮೇಲಿಟ್ಟೆ. ಮೈ ಸೆಟೆದುಕೊಂಡಿತ್ತು. ಜೋಡಿಯಲ್ಲಿ ಎತ್ತ ಹೋಗಬೇಕು, ಯಾವಾಗ ತಿರುಗಬೇಕು ಎನ್ನುವುದೆಲ್ಲ ಗಂಡಾದವರ ಲೆಕ್ಕ, ಹೆಣ್ಣಾದವರು ಹಿಂದೆ ಬರಬೇಕು ಎಂದು ಐರಿನ್ ಮಿಸ್ ಹೇಳಿಕೊಟ್ಟರು. ಅತ್ತೆ ಸ್ವಲ್ಪ ಹೊತ್ತು ನನ್ನ ಹಿಂದೆ ಬಂದರು. ಆಮೇಲೆ ನಿಂತುಬಿಟ್ಟರು.

"ಹಿಂದೆ ಬಂದಿದ್ದು ಸಾಕಾಗೈತೆ ಕಣವ್ವ. ನೀನ್ ಹೆಣ್ಣಾಗು, ನಾನ್ ಕರ್ಕಂಡೋಯ್ತೀನಿ."

ಆ ಮೇಲೆ ನಾನು ಹೆಣ್ಣು. ಅವರ ಹಿಡಿತವೆಂದರೆ ಹಿಡಿತ. ಎತ್ತ ಎಳೆದರೆ ಅತ್ತ ಹೋಗಬೇಕು. ಎಡಗಾಲು ಎಂದರೆ ಎಡಗಾಲನ್ನೇ ಇಟ್ಟವರು ಆ ಹಾಲಿನಲ್ಲಿ ಅವರೊಬ್ಬರೇ. ಶುಭ ಅಶುಭ ಎಲ್ಲ ತಮಗೆ ಮುಗಿದ ಮಾತು ಎಂದುಕೊಂಡಿದ್ದರೋ ಏನೋ, ನಾನು ಕೇಳಲಿಲ್ಲ. ಮಂಡಿ ಸ್ವಲ್ಪ ಬಗ್ಗಿಸಿ, ಒಂದೊಂದು ಹೆಜ್ಜೆಗೂ ಮೈಭಾರವನ್ನು ಆ ಕಾಲಿಂದ ಈ ಕಾಲಿಗೆ ಹಾಕುತ್ತ ನಡೆದರು. ಗದ್ದೆಯ ಬದುವಿನ ಮೇಲೆ ಹೊರೆ ಹೊತ್ತು ನಡೆದ ಸೊಂಟ ಅದು, ತಾನಾಗಿಯೇ ಆಡಿತು. ಐರಿನ್ ಮಿಸ್ ಬಾಯಿ ತೆರೆದುಕೊಂಡು ನೋಡಿದರು. "ನನ್ನ ಗಂಡನಿಗೆ ಇದು ಬರೋಕೆ ಒಂದು ವರ್ಷ ಆಯ್ತು!"

ಶನಿವಾರ ಬಂತೆಂದರೆ ಅತ್ತೆ ಬೇಗ ಊಟ ಮುಗಿಸಿ ಚಪ್ಪಲಿ ಹತ್ತಿರ ಸುಳಿದಾಡತೊಡಗಿದರು. ಬಾಯಲ್ಲಿ ಮಾತ್ರ "ನಿಂಗೆ ಹೊತ್ತಾಯ್ತೇನೋ" ಎನ್ನುವರು. ನಮ್ಮವರಿಗೆ ವಿಷಯ ತಿಳಿದು, "ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅಂತಿದ್ರು. ನಿಮ್ಮದು ಅತ್ತೆಗೊಂದು ಕಾಲು, ಸೊಸೆಗೊಂದು ಕಾಲು" ಎಂದು ಗೇಲಿ ಮಾಡಿದರು. ಅಮ್ಮ ಲೋಟದ ಸದ್ದಿಗೆ ಎದ್ದು ನಿಲ್ಲುವುದು ಕಡಿಮೆಯಾಗಿದ್ದನ್ನು ಅವರೂ ನೋಡಿದ್ದರು. ಅದರ ಬಗ್ಗೆ ನಾವಿಬ್ಬರೂ ಮಾತಾಡಲಿಲ್ಲ. ಖುಷಿಯ ಮಾತನ್ನು ಜೋರಾಗಿ ಆಡಿದರೆ ಮಾವನ ಫೋಟೋಗೆ ಕೇಳಿಸೀತು ಎನ್ನುವ ಹಾಗೆ ಇತ್ತು ನಮ್ಮ ಮನೆ. ನಡುವೆ ದೀಪಾವಳಿ ಬಂದು, ನಾವು ದೀಪ ಹಚ್ಚದೆ ಬಾಗಿಲು ಹಾಕಿಕೊಂಡು ಕೂತೆವು. ಅದರ ಮಾರನೆಯ ಶನಿವಾರವೇ ಹೋಗಿ ಕುಣಿದೆವು. ನಾಚಿಕೆಯಾಗುತ್ತಿತ್ತು ನನಗೆ, ಆದರೂ ಒಂದು ವಾರವೂ ತಪ್ಪಿಸಲಿಲ್ಲ.

ಒಂದು ದಿನ ಕುಣಿದು ದಣಿದು ಗೋಡೆಗೊರಗಿ ಕೂತಿದ್ದಾಗ ಅತ್ತೆ ಐರಿನ್ ಮಿಸ್ಸನ್ನು ನೇರವಾಗಿ ಕೇಳಿಬಿಟ್ಟರು.

"ನಿಮ್ ಯಜಮಾನ್ರು ಹೋದ್ ಮ್ಯಾಲೆ ಎಷ್ಟ್ ದಿನಕ್ಕೆ ಕುಣುದ್ರಿ?"

ನನಗೆ ಭೂಮಿ ಬಾಯಿಬಿಡಬಾರದೇ ಎನಿಸಿತು. ಐರಿನ್ ಮಿಸ್ ಬೇಸರ ಮಾಡಿಕೊಳ್ಳಲಿಲ್ಲ.

"ಟೇಪ್ ರೆಕಾರ್ಡರ್ ಮೇಲೆ ಒಂದು ಬಟ್ಟೆ ಹಾಕಿ ಮುಚ್ಚಿಟ್ಟಿದ್ದೆ ಅಜ್ಜಿ. ತುಂಬಾ ದಿನ. ಆಮೇಲೆ ಧೂಳು ಒರೆಸೋಕೆ ಬಟ್ಟೆ ತೆಗೆದೆ, ಬಟನ್ ಒತ್ತಿದೆ."

"ತಪ್ಪು ಅನ್ನುಸ್ಲಿಲ್ವಾ?"

"ಅನ್ನಿಸ್ತು. ಕಾಲು ಕೇಳಲಿಲ್ಲ."

ಅತ್ತೆ ಅದನ್ನೇ ಯೋಚಿಸುತ್ತ ತಮ್ಮ ಪಾದ ನೋಡಿಕೊಂಡರು. ಪೌಡರು ಮೆತ್ತಿ ಬೆರಳ ಸಂದಿಯೆಲ್ಲ ಬೆಳ್ಳಗಾಗಿತ್ತು.

ಜನವರಿಯಲ್ಲಿ ಐರಿನ್ ಮಿಸ್ ನಮ್ಮನ್ನೆಲ್ಲ ವ್ಯಾನಿನಲ್ಲಿ ತುಂಬಿಕೊಂಡು ಬೇಲೂರು, ಹಳೇಬೀಡಿಗೆ ಕರೆದುಕೊಂಡು ಹೋದರು. ಬೇಲೂರಿನಲ್ಲಿ ಗೈಡಿನ ಮಾತಿಗೆ ಅಡ್ಡಬಂದು, ಶಿಲಾಬಾಲಿಕೆಯ ಕಡೆ ಕೊಡೆ ತೋರಿಸಿ, "ನೋಡ್ರೀ, ಭಾರ ಎಲ್ಲ ಒಂದು ಕಾಲ ಮೇಲೆ! ಮಂಡಿ ಸಡಿಲ, ಸೊಂಟ ಆ ಕಡೆ! ನಾನು ಗಂಟಲು ಹರ್ಕೊಂಡು ಹೇಳ್ತಾ ಇರೋದು ಇದೇ" ಎಂದರು. ಗೈಡು ಮುಖ ಊದಿಸಿಕೊಂಡ. ಅತ್ತೆ ಮೇಲೆ ನೋಡಿ, "ಇಷ್ಟ್ ವರ್ಸದಿಂದ ಒಂದೇ ಕಾಲ್ ಮ್ಯಾಲವ್ಳೆ, ಅವ್ಳ ಮಂಡಿ ಏನಾಗಿರ್ಬ್ಯಾಡ" ಎಂದು ಮರುಗಿದರು.

ಹಳೇಬೀಡು ತಲುಪುವಾಗ ಬಿಸಿಲು ಹದವಾಗಿತ್ತು. ಗುಡಿ ನೋಡಿ, ಮುಂದಿನ ಹುಲ್ಲಿನ ಮೇಲೆ ಕೂತು ಚಿತ್ರಾನ್ನ, ಮೊಸರನ್ನ ತಿಂದೆವು. ಆಚೆ ಕೆರೆಯಿಂದ ತಣ್ಣಗೆ ಗಾಳಿ. ಐರಿನ್ ಮಿಸ್ ಸೆಲ್ಲು ಹಾಕಿದ ಟೇಪನ್ನು ಚೀಲದಿಂದ ತೆಗೆದು ಮೆರೆಂಗೆ ಹಾಕಿಯೇಬಿಟ್ಟರು. ಮೊದಲು ಯಾರೂ ಏಳಲಿಲ್ಲ. ಅತ್ತೆ ಎದ್ದರು. ನನ್ನ ಕೈ ಹಿಡಿದು ಎಳೆದರು. ಪ್ರವಾಸಕ್ಕೆ ಬಂದಿದ್ದ ಶಾಲೆಯ ಮಕ್ಕಳು ಸುತ್ತ ನಿಂತು ಚಪ್ಪಾಳೆ ತಟ್ಟಿದವು. ಕಾವಲುಗಾರ ಪೀಪಿ ಊದಿಕೊಂಡು ಓಡಿಬಂದ.

"ಏ, ಇಲ್ಲೆಲ್ಲ ಕುಣಿಯಂಗಿಲ್ಲ ಕಣ್ರಮ್ಮ!"

"ಗೋಡೆ ತುಂಬ ಕುಣೀತಾವ್ರಲ್ಲಪ್ಪ, ಅವ್ರಿಗ್ ಊದು ಪೀಪಿನ" ಎಂದರು ಅತ್ತೆ, ಹೆಜ್ಜೆ ನಿಲ್ಲಿಸದೆ.

ಕಾವಲುಗಾರನೂ ನಕ್ಕುಬಿಟ್ಟ. ಅತ್ತೆ ನನ್ನ ಕೈಯನ್ನು ಮೇಲೆತ್ತಿ ಬುಗುರಿ ತಿರುಗಿಸಿದ ಹಾಗೆ ನನ್ನನ್ನು ತಿರುಗಿಸಿದರು. ಮತ್ತೆ ಹಿಡಿದುಕೊಂಡರು. ಅವರು ನಗುತ್ತಿದ್ದರು. ಬಾಯಿಗೆ ಸೆರಗಿಲ್ಲದೆ, ಗಂಟಲು ಬಿಟ್ಟು. ಹಿಂದಿನ ಒಂದು ಹಲ್ಲು ಇಲ್ಲ ಎನ್ನುವುದು ನನಗೆ ಗೊತ್ತಾಗಿದ್ದೇ ಆಗ. ಸೆರಗು ಜಾರಿತ್ತು, ಬೆವರಿದ್ದರು, ಚೆನ್ನಾಗಿ ಕಾಣುತ್ತಿದ್ದರು. ನನಗೆ ಅಳು ಬರುವಷ್ಟು ಸಂತೋಷವಾಯಿತು.

ಇದ್ದಕ್ಕಿದ್ದ ಹಾಗೆ ಅವರು ಕೈ ಬಿಟ್ಟರು. ಹಾಡು ಇನ್ನೂ ಆಡುತ್ತಿತ್ತು. ಹೋಗಿ ಹುಲ್ಲಿನ ಮೇಲೆ ಕೂತು ಸೆರಗನ್ನು ಎರಡೂ ಭುಜಕ್ಕೆ ಹೊದ್ದುಕೊಂಡರು.

"ಮಂಡೀನಾ ಅತ್ತೆ?"

"ಹೂಂ. ಮಂಡಿ."

ವ್ಯಾನಿನಲ್ಲಿ ಉಳಿದವರು ಅಂತ್ಯಾಕ್ಷರಿ ಹಾಡಿಕೊಂಡು ಬಂದರು. ಅತ್ತೆ ಜಾವಗಲ್ ದಾಟಿ, ಬಾಣಾವರ ದಾಟಿ, ಮನೆ ಸೇರುವವರೆಗೆ ಕಿಟಕಿಯಾಚೆಯೇ ನೋಡುತ್ತಿದ್ದರು.

ಮುಂದಿನ ಶನಿವಾರ "ನಾನ್ ಬರಾಕಿಲ್ಲ" ಎಂದರು. ನಾನು ಬಿಡಬೇಕಿತ್ತು. ಬಿಡಲಿಲ್ಲ. ಮಂಡಿಗೆ ಎಣ್ಣೆ ಹಚ್ಚಿ, "ಸುಮ್ನೆ ಕೂತಿರಿ, ಮನೇಲೊಬ್ರೇ ಏನ್ ಮಾಡ್ತೀರಿ" ಎಂದು ಕರೆದುಕೊಂಡು ಹೋದೆ. ಅವತ್ತು ಅವರು ಬೆಂಚಿನಿಂದ ಏಳಲೇ ಇಲ್ಲ. ಬೆಂಚಿಗೆ ಹೋಗಿಬರಲು ನೆಲ ದಾಟಿದ್ದು, ಅಷ್ಟೇ.

ಮನೆಗೆ ಬಂದರೆ ಜಗಲಿಯಲ್ಲಿ ಭಾವ ಕೂತಿದ್ದರು. ಗಂಡಸಿಯಿಂದ ಬಸ್ಸಿನಲ್ಲಿ ಒಂದು ಚೀಲ ತೆಂಗಿನಕಾಯಿ, ರಾಗಿಹಿಟ್ಟು ತಂದಿದ್ದರು. ವರ್ಷದ ತಿಥಿಗೆ ಯಾರನ್ನು ಕರೆಯಬೇಕೆಂದು ಕೇಳಲು ಬಂದಿದ್ದರು. ಅಮ್ಮನನ್ನು ಕಂಡೊಡನೆ ಎದ್ದು ಬಂದು ಎಂದಿನಂತೆ ಬಗ್ಗಿ, ಪಾದ ಮುಟ್ಟಿ, ಕೈಯನ್ನು ಕಣ್ಣಿಗೊತ್ತಿಕೊಂಡರು. ಒತ್ತಿಕೊಂಡ ಕೈ ಹಾಗೇ ನಿಂತಿತು. ಮೂಸಿದರು.

"ಇದೇನವ್ವ, ಪೌಡ್ರು?"

ಗಂಡ ಸತ್ತವಳು ಪೌಡರು ಹಾಕಿಕೊಳ್ಳುವುದೆಂದರೆ ನಮ್ಮ ಊರ ಕಡೆ ಆಡಿಕೊಳ್ಳಲು ಅಷ್ಟು ಸಾಕು. ಅತ್ತೆ ಗಾಬರಿಯಾದರು. "ಮೊಕಕ್ಕಲ್ಲ ಕಣ್ಲಾ. ಕಾಲಿಗೆ."

"ಕಾಲಿಗ್ಯಾಕೆ?"

"ಜಾರ್ಲಿ ಅಂತ."

ಭಾವನಿಗೆ ಏನೂ ಅರ್ಥವಾಗಲಿಲ್ಲ. ನಾನು ವಿವರಿಸಲು ಹೋದೆ, ಹೋದಷ್ಟೂ ಕೆಟ್ಟಿತು. ಮಂಡಿ, ಡಾಕ್ಟರು, ಐರಿನ್ ಮಿಸ್, ನಡೆಯೋದು ತಾನೇ ಭಾವ, ಎಂದು ಏನೇನೋ ಹೇಳಿದೆ. ಅವರಿಗೆ ಕೇಳಿಸಿದ್ದು ಕುಣಿತ ಎನ್ನುವುದೊಂದೇ.

"ಅಪ್ಪನ್ನ ಮಣ್ಣು ಮಾಡಿ ವರ್ಸ ತುಂಬಿಲ್ಲ. ನಾನಿನ್ನೂ ತಲೆಗೆ ಎಣ್ಣೆ ಇಟ್ಟಿಲ್ಲ. ನೀನಿಲ್ಲಿ ಮೆರೀತಾ ಇದೀಯೇನವ್ವ?"

ಅತ್ತೆ ತಲೆ ತಗ್ಗಿಸಿ, ಸಣ್ಣ ದನಿಯಲ್ಲಿ, "ಹೂಂ ಕಣಪ್ಪ. ಅದ್ರ ಹೆಸ್ರೂ ಅದೇಯ" ಎಂದರು.

ಅವರು ತಮಾಷೆ ಮಾಡಲಿಲ್ಲ, ಒಪ್ಪಿಕೊಂಡರು. ಆದರೆ ನನಗೆ ನಗು ಬಂದುಬಿಟ್ಟಿತು. ಭಯಕ್ಕೆ ಬರುತ್ತದಲ್ಲ, ಆ ಹಾಳು ನಗು. ತಡೆದಷ್ಟೂ ಮೂಗಿನಿಂದ ಬಂತು. ಭಾವ ನನ್ನ ಕಡೆ ತಿರುಗಿ ನೋಡಿದರು. ಬೈಯಲಿಲ್ಲ. ಆ ದೊಡ್ಡ ಮನುಷ್ಯ ಜಗಲಿಯ ಮೇಲೆ ಕೂತು, ಟವಲಿನಲ್ಲಿ ಮುಖ ಮುಚ್ಚಿಕೊಂಡು ಅತ್ತರು. ಅಪ್ಪನನ್ನು ಎತ್ತಿ ಎತ್ತಿ ಅವರ ಬೆನ್ನು ಒಂದು ಕಡೆ ವಾಲಿತ್ತು. ಅವರ ದುಃಖ ಸುಳ್ಳಾಗಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಮಾರನೆಯ ಬೆಳಿಗ್ಗೆ ಅತ್ತೆ ತಮ್ಮ ಚೀಲ ತುಂಬಿಕೊಂಡು ಭಾವನ ಜೊತೆ ಗಂಡಸಿಯ ಬಸ್ಸು ಹತ್ತಿದರು. ನಮ್ಮವರು ತಡೆಯಲಿಲ್ಲ. ತಾಯಿ ಮತ್ತು ಅಣ್ಣನ ಎದುರು ಅವರದು ಯಾವಾಗಲೂ ಫ್ಯೂಸ್ ಹೋದ ಕಥೆಯೇ. ನಾನೂ ತರಗತಿಗೆ ಹೋಗುವುದನ್ನು ಬಿಟ್ಟೆ. ಐರಿನ್ ಮಿಸ್ ಮನೆಯ ತನಕ ಬಂದು, "ನನ್ನ ಅಜ್ಜಿ ಎಲ್ರೀ?" ಎಂದು ಕೇಳಿದರು. ವರ್ಷ ತುಂಬಲಿ ಮಿಸ್, ಕರೆದುಕೊಂಡು ಬರುತ್ತೇನೆ ಎಂದೆ. ನನ್ನ ಲೆಕ್ಕದಲ್ಲಿ ಅದು ವರ್ಷದ ಪ್ರಶ್ನೆ. ವರ್ಷ ಕಳೆದರೆ ಭಾವನ ಬಾಯಿಗೆ ಬೀಗ, ಅತ್ತೆಗೆ ಬಿಡುಗಡೆ, ನನ್ನ ತಪ್ಪೂ ಕಳೆಯುತ್ತದೆ ಎಂದುಕೊಂಡಿದ್ದೆ.

ವರ್ಷದ ತಿಥಿ ಗಂಡಸಿಯಲ್ಲಿ ಚೆನ್ನಾಗಿಯೇ ಆಯಿತು. ಮಾವನಿಗೆ ಇಷ್ಟವಾದುದನ್ನೆಲ್ಲ ಮಾಡಿ ಎಡೆ ಇಟ್ಟೆವು. ಭಾವ ನನ್ನನ್ನು ಕರೆದು, "ಊಟ ಮಾಡಮ್ಮ, ಬೆಳಗಿಂದ ನಿಂತೇ ಇದೀಯ" ಎಂದರು, ಏನೂ ಆಗದವರಂತೆ. ನೆಂಟರೆಲ್ಲ ಉಂಡು ಎದ್ದ ಮೇಲೆ, ಮಧ್ಯಾಹ್ನ ಇಳಿಯುವ ಹೊತ್ತಿಗೆ, ಹಿತ್ತಲ ತೆಂಗಿನ ಮರದ ಬುಡದಲ್ಲಿ ಅತ್ತೆ ದೊಡ್ಡ ಪಾತ್ರೆಗಳನ್ನು ಬೂದಿ ಹಾಕಿ ಉಜ್ಜುತ್ತಿದ್ದರು. ನಾನು ತೊಳೆಯಲು ಪಕ್ಕದಲ್ಲಿ ಕೂತೆ. ಅದೇ ಸಮಯವೆಂದು ಶುರುಮಾಡಿದೆ.

"ವರ್ಷ ತುಂಬಿತಲ್ಲ ಅತ್ತೆ. ಇನ್ನು ಬನ್ನಿ. ಐರಿನ್ ಮಿಸ್ ಕೇಳ್ತಾನೇ ಇದ್ದಾರೆ. ಭಾವ ಅಂದಿದ್ದನ್ನ ಮನಸ್ಸಿಗೆ ಹಾಕ್ಕೋಬೇಡಿ."

ಅತ್ತೆ ಉಜ್ಜುವುದನ್ನು ನಿಲ್ಲಿಸಲಿಲ್ಲ. "ರಂಗ ಅಂದ ಅಂತ ಬಿಟ್ಟೆ ಅಂದ್ಕಂಡಿದೀಯಾ? ಅವ್ನ್ ಮಾತ ನಾನ್ಯಾವತ್ ಕೇಳಿದೀನಿ."

"ಮತ್ತೆ?"

ಅತ್ತೆ ಇನ್ನೊಂದು ಹಿಡಿ ಬೂದಿ ತೆಗೆದುಕೊಂಡರು.

"ಹಳೇಬೀಡ್ನಾಗೆ ನಿನ್ನ ತಿರುಗುಸ್ತಿದ್ನಲ್ಲ, ಅವಾಗ ಮನಸ್ಗೆ ಒಂದ್ ಮಾತು ಬಂತು ಕಣವ್ವ. ನಾನ್ ಕರೀಲಿಲ್ಲ, ತಾನಾಗೇ ಬಂತು." ಕೈ ನಿಂತಿತು. "ಅವ್ರು ಹೋಗಿದ್ದು ಒಳ್ಳೇದಾಯ್ತು ಅಂತ. ಅವ್ರಿದ್ದಿದ್ರೆ ನಂಗೆ ಇದೆಲ್ಲಿತ್ತು ಅಂತ. ಅಷ್ಟ್ ವರ್ಸ ಅವ್ರಿಗೆ ಉಣ್ಸಿ ತೊಳ್ದು ಮಾಡ್ದೋಳು ನಾನು, ಯಾವತ್ತೂ ಬ್ಯಾಸ್ರ ಮಾಡ್ಕಂಡಿಲ್ಲ ಕಣೆ. ಸಾಯ್ಲಿ ಅಂತ ಒಂದ್ ಸತಿನೂ ಅಂದ್ಕಂಡಿಲ್ಲ. ನಗ್ತಾ ನಗ್ತಾ ಅಂದ್ಕಂಡ್ಬುಟ್ಟೆ ನೋಡು."

ಅವರು ನನ್ನ ಮುಖವನ್ನೇ ನೋಡುತ್ತಿದ್ದರು. ಬೂದಿಯ ಕೈ ಮಡಿಲಲ್ಲಿತ್ತು. ಅಷ್ಟು ವರ್ಷದಲ್ಲಿ ಅತ್ತೆ ನನ್ನಿಂದ ಏನನ್ನಾದರೂ ಬಯಸಿ ನೋಡಿದ್ದು ಅದೇ ಮೊದಲು. ನನ್ನ ಬಾಯಿಂದ, ಯೋಚನೆಗೆ ಮೊದಲೇ, ನನ್ನ ಅಮ್ಮ, ಅಜ್ಜಿಯರೆಲ್ಲ ಆಡುತ್ತ ಬಂದ ಮಾತು ಹಾರಿಬಂತು.

"ಬಿಡ್ತು ಅನ್ನಿ ಅತ್ತೆ! ಇವತ್ತಿನ ದಿನ ಹಾಗೆಲ್ಲ ಆಡ್ತಾರಾ, ಬಿಡ್ತು ಅನ್ನಿ!"

ಕೆಟ್ಟ ಮಾತು ಆಡಿದ ಮಗುವಿಗೆ ಹೇಳುವ ಹಾಗೆ ಹೇಳಿದೆ. ಅತ್ತೆ ಇನ್ನೂ ಒಂದು ಕ್ಷಣ ನೋಡಿದರು. ಆಮೇಲೆ ಕಣ್ಣು ಕೆಳಗಾಯಿತು.

"ಬಿಡ್ತು" ಎಂದರು.

ಮತ್ತೆ ಪಾತ್ರೆ ಉಜ್ಜತೊಡಗಿದರು. ಆ ವಿಷಯ ನಮ್ಮಿಬ್ಬರ ನಡುವೆ ಅಲ್ಲಿಗೆ ಮುಗಿಯಿತು. ಅತ್ತೆ ಆಮೇಲೂ ಬಹಳ ವರ್ಷ ಇದ್ದರು, ನಮ್ಮ ಮನೆಗೂ ಬಂದು ಹೋಗಿ ಮಾಡಿದರು, ಮಂಡಿ ನೋವಿಗೆ ಮಾತ್ರೆ ನುಂಗಿದರು. ಮದುವೆಮನೆಯಲ್ಲಿ ಮಕ್ಕಳು ಹಾಡು ಹಾಕಿ ಕುಣಿದರೆ ಎದ್ದು ಒಳಗೆ ಹೋಗುತ್ತಿದ್ದರು. ಜನ ಅದನ್ನು ಕಂಡು, ಎಂಥ ಗಂಭೀರದ ಹೆಂಗಸು ಎನ್ನುತ್ತಿದ್ದರು.

ಅವತ್ತು ಸಂಜೆ ಅರಸೀಕೆರೆಯ ಬಸ್ಸು ಹತ್ತಿ, ಗಂಡಸಿ ಕಣ್ಮರೆಯಾದ ಮೇಲೆ, ಹೇಳಬೇಕಾಗಿದ್ದ ಮಾತು ನನ್ನ ಬಾಯಿಗೆ ಬಂತು. ಪಕ್ಕದಲ್ಲಿ ನಮ್ಮವರು ನಿದ್ದೆ ಮಾಡುತ್ತಿದ್ದರು. ಹುಲ್ಲಿನ ಮೇಲೆ ಗಂಟಲು ಬಿಟ್ಟು ನಗುತ್ತಿದ್ದ ನಿಮ್ಮನ್ನು ನೋಡಿ ನನಗೂ ಅದೇ ಅನ್ನಿಸಿತ್ತು ಅತ್ತೆ, ನಿಮಗಿಂತ ಮೊದಲೇ.